ಮೈನಿಂಗ್ ಮಾಡುವುದೇ, ಕೊಳ್ಳುವುದೇ, ಸ್ಟೇಕ್ ಮಾಡುವುದೇ: ಕ್ರಿಪ್ಟೋ ಆಯ್ಕೆಗಳ ವಿದ್ಯುತ್ ಲೆಕ್ಕ

ಕ್ರಿಪ್ಟೋ ಕರೆನ್ಸಿಯಲ್ಲಿ ಆಸಕ್ತಿ ಇದ್ದೂ ಅದು ನುಂಗುವ ವಿದ್ಯುತ್ತಿನ ಸುದ್ದಿ ಕೇಳಿ ಹಿಂಜರಿಯುತ್ತಿರುವ ಓದುಗರಿಂದ ಬಗೆಬಗೆಯ ಪ್ರಶ್ನೆಗಳು ಬರುತ್ತಿವೆ. ಮನೆಯ ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಂಡವರೊಬ್ಬರು ಅದರಿಂದಲೇ ಮೈನಿಂಗ್ ಯಂತ್ರ, ಅಂದರೆ ಹೊಸ ನಾಣ್ಯ ಗಳಿಸಿಕೊಡುವ ಕಂಪ್ಯೂಟರ್, ಓಡಿಸಿದರೆ ತಪ್ಪೇನು ಎಂದು ಕೇಳುತ್ತಾರೆ. ಕೆನಡಾದಲ್ಲಿ ನೆಲೆಸಿರುವ ಇನ್ನೊಬ್ಬರಿಗೆ ಚಳಿಗಾಲದಲ್ಲಿ ಹೀಟರ್ ಬದಲು ಅದೇ ಯಂತ್ರವನ್ನು ಇಟ್ಟುಕೊಳ್ಳುವ ಯೋಚನೆ. ಮತ್ತೊಬ್ಬರಿಗೆ ಯಂತ್ರದ ಗೊಡವೆಯೇ ಬೇಡ, ಅಲ್ಪಸ್ವಲ್ಪ ಬಿಟ್‌ಕಾಯಿನ್ ಕೊಂಡಿಟ್ಟರೆ ಎಲ್ಲೋ ಸುಡುವ ಕಲ್ಲಿದ್ದಲಿನಲ್ಲಿ ತಮ್ಮ ಪಾಲೆಷ್ಟು ಎಂಬುದಷ್ಟೇ ತಿಳಿಯಬೇಕಾಗಿದೆ. ಇವರೆಲ್ಲರ ಮುಂದಿರುವ ಆಯ್ಕೆಗಳನ್ನು, ನಾಣ್ಯವನ್ನು ಠೇವಣಿ ಇಟ್ಟು ಪ್ರತಿಫಲ ಪಡೆಯುವ ಸ್ಟೇಕಿಂಗ್ ಅನ್ನೂ ಸೇರಿಸಿ, ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಈ ಬರಹದ ಉದ್ದೇಶ. ಬೆಲೆ ಏರುತ್ತದೆಯೇ, ಇಳಿಯುತ್ತದೆಯೇ ಎಂಬ ಭವಿಷ್ಯ ಇಲ್ಲಿಲ್ಲ.

ಮೊದಲು, ವಿದ್ಯುತ್ತು ಏಕೆ ಬೇಕಾಗುತ್ತದೆ ಎಂಬುದು ಸ್ಪಷ್ಟವಾಗಬೇಕು. 2009ರ ಜನವರಿಯಲ್ಲಿ ಆರಂಭವಾದ ಬಿಟ್‌ಕಾಯಿನ್ ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಮ್ಮೆ ವಹಿವಾಟುಗಳ ಒಂದು ಬ್ಲಾಕ್ ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ. ಅದನ್ನು ಸೇರಿಸುವ ಹಕ್ಕಿಗಾಗಿ ಜಗತ್ತಿನ ಲಕ್ಷಾಂತರ ಯಂತ್ರಗಳು ಒಂದೇ ಸಮನೆ ಊಹೆಯ ಲೆಕ್ಕಗಳನ್ನು ಮಾಡುತ್ತಿರುತ್ತವೆ, ಗೆದ್ದವರಿಗೆ 2024ರ ಏಪ್ರಿಲ್‌ನಿಂದೀಚೆಗೆ 3.125 ಬಿಟ್‌ಕಾಯಿನ್ ಸಿಗುತ್ತದೆ. ಮೈನಿಂಗ್ ಎಂದರೆ ಇದೇ. ಯಂತ್ರಗಳು ಹೆಚ್ಚಾದರೆ ಬ್ಲಾಕ್‌ಗಳು ಬೇಗ ಬರುವುದಿಲ್ಲ, ಏಕೆಂದರೆ ಪ್ರತಿ 2,016 ಬ್ಲಾಕ್‌ಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಲೆಕ್ಕದ ಕಷ್ಟವನ್ನು ಜಾಲವೇ ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಯಂತ್ರಗಳು ಎಷ್ಟೇ ಸುಧಾರಿಸಿದರೂ ಒಟ್ಟು ವಿದ್ಯುತ್ ಬಳಕೆ ಇಳಿಯುವ ಭರವಸೆ ಇಲ್ಲ. ಬಿಟ್‌ಕಾಯಿನ್ ಬೆಲೆ ಏರಿದಷ್ಟೂ ಇನ್ನಷ್ಟು ವಿದ್ಯುತ್ತಿಗೆ ಹಣ ಸುರಿಯುವುದು ಲಾಭದಾಯಕವಾಗುತ್ತದೆ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರ್ಯಾಯ ಹಣಕಾಸು ಕೇಂದ್ರವು 2025ರಲ್ಲಿ ಪ್ರಕಟಿಸಿದ ವರದಿ ಈ ಜಾಲದ ವಾರ್ಷಿಕ ಬಳಕೆಯನ್ನು 138 ಟೆರಾವ್ಯಾಟ್ ಅವರ್, ಅಂದರೆ 13,800 ಕೋಟಿ ಯೂನಿಟ್ ಎಂದು ಅಂದಾಜಿಸಿದೆ. ಇದು ಇಡೀ ಕರ್ನಾಟಕ ಒಂದು ವರ್ಷದಲ್ಲಿ ಬಳಸುವ ವಿದ್ಯುತ್ತಿಗಿಂತ ಹೆಚ್ಚು. ಅದರಿಂದ ಹೊಮ್ಮುವ ಹಸಿರುಮನೆ ಅನಿಲ ಸುಮಾರು 3.98 ಕೋಟಿ ಟನ್.

ಯಾವ ಅಳತೆಗೋಲಿನಿಂದ ಅಳೆಯಬೇಕು

ನಾನು ಮುಖ್ಯವಾಗಿ ನಂಬುವ ಅಳತೆಗೋಲು ಒಂದು ಪ್ರಶ್ನೆಯ ರೂಪದಲ್ಲಿದೆ: ಈ ಯಂತ್ರ ಓಡದೇ ಇದ್ದಿದ್ದರೆ ಆ ಯೂನಿಟ್ ಎಲ್ಲಿಗೆ ಹೋಗುತ್ತಿತ್ತು? ಬೇರೆ ಮನೆಗೆ, ಪಂಪ್‌ಸೆಟ್‌ಗೆ, ಕಾರ್ಖಾನೆಗೆ ಹೋಗುತ್ತಿತ್ತು ಎಂದಾದರೆ, ಮೈನಿಂಗ್‌ಗೆ ಕೊಟ್ಟ ವಿದ್ಯುತ್ತು ಜಲವಿದ್ಯುತ್ತೇ ಆಗಿದ್ದರೂ ಅದರ ಕೊರತೆಯನ್ನು ತುಂಬಲು ಇನ್ನೆಲ್ಲೋ ಕಲ್ಲಿದ್ದಲು ಉರಿಯುತ್ತದೆ. ಆ ಯೂನಿಟ್ ನಿಜವಾಗಿಯೂ ಯಾರಿಗೂ ಬೇಡವಾಗಿ ವ್ಯರ್ಥವಾಗುತ್ತಿತ್ತು ಎಂದಾದರೆ ಮಾತ್ರ ಹಸಿರು ಮೈನಿಂಗ್ ಎಂಬ ಮಾತಿಗೆ ಅರ್ಥವಿದೆ.

ಎರಡನೆಯದು, ನೀವು ತೊಡಗಿಸುವ ಹಣಕ್ಕೆ ಎಷ್ಟು ಯೂನಿಟ್ ವೆಚ್ಚವಾಗುತ್ತದೆ ಎಂಬುದು. ಮೂರನೆಯದು, ಯಂತ್ರ ಹಳತಾದ ಮೇಲೆ ಅದರ ಗತಿ ಏನು ಎಂಬುದು. ತೆರಿಗೆಯೂ ಸೇರಿದಂತೆ ಕೈಗೆ ಉಳಿಯುವ ಹಣ ನಾಲ್ಕನೆಯದು. ವಿದ್ಯುತ್ತಿನ ಜೊತೆಗೆ ನೀರನ್ನೂ ನೆನಪಿಡಬೇಕು, ಏಕೆಂದರೆ ಶಾಖೋತ್ಪನ್ನ ಸ್ಥಾವರಗಳನ್ನು ತಂಪಾಗಿಡಲು ನದಿಯ ನೀರು ಬೇಕು. ರಾಯಚೂರಿನ ಶಕ್ತಿನಗರದ ಸ್ಥಾವರ ಅವಲಂಬಿಸಿರುವುದು ಕೃಷ್ಣೆಯನ್ನು.

ಚಾಲ್ತಿಯಲ್ಲಿರುವ ಎರಡು ಅಂಕಿಗಳನ್ನು ಎಚ್ಚರದಿಂದ ಓದಬೇಕು ಎಂದೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಬಿಟ್‌ಕಾಯಿನ್ ವಹಿವಾಟಿಗೆ ಇಷ್ಟು ನೂರು ಯೂನಿಟ್ ಎಂಬ ಲೆಕ್ಕ ವಿರೋಧಿಗಳಿಗೆ ಪ್ರಿಯವಾದದ್ದು. ಆದರೆ ಬ್ಲಾಕ್ ಖಾಲಿಯಿದ್ದರೂ ತುಂಬಿದ್ದರೂ ಜಾಲ ಬಳಸುವ ವಿದ್ಯುತ್ತು ಒಂದೇ, ಹಾಗಾಗಿ ನೀವು ಒಂದು ವಹಿವಾಟು ಕಡಿಮೆ ಮಾಡಿದರೆ ಅಷ್ಟು ವಿದ್ಯುತ್ತು ಉಳಿಯುವುದಿಲ್ಲ. ಉದ್ಯಮದವರಿಗೆ ಪ್ರಿಯವಾದದ್ದು ಸುಸ್ಥಿರ ಇಂಧನದ ಪಾಲು. ಕೇಂಬ್ರಿಡ್ಜ್ ವರದಿ ಅದನ್ನು ಶೇ 52.4 ಎಂದಿದೆ. ಇದರಲ್ಲಿ ಪರಮಾಣು ವಿದ್ಯುತ್ತೂ ಸೇರಿದೆ, ಮತ್ತು ಅಂಕಿಯ ಆಧಾರ ಸಮೀಕ್ಷೆಯಲ್ಲಿ ಪಾಲ್ಗೊಂಡ ಮೈನಿಂಗ್ ಸಂಸ್ಥೆಗಳೇ ಕೊಟ್ಟ ಮಾಹಿತಿ. 2022ರಲ್ಲಿ ಸಂಶೋಧಕ ಅಲೆಕ್ಸ್ ಡಿ ವ್ರೀಸ್ ಮತ್ತು ಸಂಗಡಿಗರು ಬೇರೆ ವಿಧಾನದಿಂದ ಮಾಡಿದ ಅಧ್ಯಯನವು, ಚೀನಾ ಮೈನಿಂಗ್ ನಿಷೇಧಿಸಿದ ನಂತರ ನವೀಕರಿಸಬಹುದಾದ ಇಂಧನದ ಪಾಲು ಸುಮಾರು ಶೇ 42ರಿಂದ ಶೇ 25ಕ್ಕೆ ಇಳಿಯಿತು ಎಂದಿತ್ತು. ಸಿಚುವಾನ್ ಪ್ರಾಂತ್ಯದ ಮಳೆಗಾಲದ ಜಲವಿದ್ಯುತ್ತನ್ನು ಬಿಟ್ಟು ಯಂತ್ರಗಳು ಕಜಕಿಸ್ತಾನದ ಕಲ್ಲಿದ್ದಲು ಮತ್ತು ಅಮೆರಿಕದ ಅನಿಲದತ್ತ ಹೋದದ್ದು ಅದಕ್ಕೆ ಕಾರಣ. ಈ ಎರಡು ಅಧ್ಯಯನಗಳ ಕಾಲ ಬೇರೆ, ದಾರಿ ಬೇರೆ. ಒಂದನ್ನು ಮಾತ್ರ ತೋರಿಸಿ ವಾದ ಮಾಡುವವರಿಂದ ಸ್ವಲ್ಪ ದೂರವಿರುವುದು ಕ್ಷೇಮ.

ಮನೆಯಲ್ಲಿ ಬಿಟ್‌ಕಾಯಿನ್ ಮೈನಿಂಗ್

ಈ ಕೆಲಸಕ್ಕೆ ಈಗ ಸಾಮಾನ್ಯ ಕಂಪ್ಯೂಟರ್ ಸಾಲದು, ಎಸಿಕ್ ಎಂಬ ವಿಶೇಷ ಯಂತ್ರವೇ ಬೇಕು. ಉದಾಹರಣೆಗೆ ಆಂಟ್‌ಮೈನರ್ ಎಸ್21 ಯಂತ್ರವನ್ನು ತೆಗೆದುಕೊಳ್ಳೋಣ. ಅದರ ಸಾಮರ್ಥ್ಯ ಸೆಕೆಂಡಿಗೆ 200 ಟೆರಾಹ್ಯಾಶ್, ಅಂದರೆ 200 ಲಕ್ಷ ಕೋಟಿ ಊಹೆಯ ಲೆಕ್ಕಗಳು, ಅದು ಎಳೆಯುವ ವಿದ್ಯುತ್ತು 3,500 ವ್ಯಾಟ್. ದಿನವಿಡೀ ಓಡಿದರೆ 84 ಯೂನಿಟ್, ತಿಂಗಳಿಗೆ 2,520 ಯೂನಿಟ್. ಗೃಹಜ್ಯೋತಿ ಯೋಜನೆಯಡಿ ಒಂದು ಮನೆಗೆ ತಿಂಗಳಿಗೆ ಸಿಗಬಹುದಾದ ಗರಿಷ್ಠ 200 ಯೂನಿಟ್‌ಗಳನ್ನು ಈ ಯಂತ್ರ ಎರಡೂವರೆ ದಿನ ತುಂಬುವ ಮೊದಲೇ ಮುಗಿಸುತ್ತದೆ.

ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳ ಬಿಲ್ಲು 17,640 ರೂಪಾಯಿ. ಇದಕ್ಕೆ ಪ್ರತಿಯಾಗಿ ಬರುವುದೆಷ್ಟು? ಇಡೀ ಜಾಲದ ಸಾಮರ್ಥ್ಯ 2025ರಲ್ಲಿ ಸುಮಾರು 100 ಕೋಟಿ ಟೆರಾಹ್ಯಾಶ್ ಮುಟ್ಟಿತು. ಅದರಲ್ಲಿ ನಮ್ಮ ಯಂತ್ರದ ಪಾಲು ಐವತ್ತು ಲಕ್ಷದಲ್ಲಿ ಒಂದು. ಜಾಲ ದಿನಕ್ಕೆ ಹೊರಡಿಸುವುದು ಸುಮಾರು 450 ಬಿಟ್‌ಕಾಯಿನ್, ಹಾಗಾಗಿ ನಮಗೆ ತಿಂಗಳಿಗೆ ಸಿಗುವುದು ಹತ್ತಿರಹತ್ತಿರ 0.0027. ಅಂದರೆ ಒಂದು ಬಿಟ್‌ಕಾಯಿನ್‌ಗೆ ವಿದ್ಯುತ್ ಖರ್ಚೇ ಸುಮಾರು 65 ಲಕ್ಷ ರೂಪಾಯಿ ಬೀಳುತ್ತದೆ, ಯಂತ್ರದ ಬೆಲೆ ಬೇರೆ. ತೆರಿಗೆ ಸೇರಿಸಿದರೆ ಚಿತ್ರ ಇನ್ನೂ ಕೆಡುತ್ತದೆ. 2022ರ ಏಪ್ರಿಲ್‌ನಿಂದ ಭಾರತದಲ್ಲಿ ಕ್ರಿಪ್ಟೋ ಲಾಭದ ಮೇಲೆ ಶೇ 30ರ ತೆರಿಗೆ ಇದೆ, ಸೆಸ್ ಸೇರಿ ಶೇ 31.2. ಕೊಂಡ ಬೆಲೆಯನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯಲು ಅವಕಾಶವಿಲ್ಲ, ಮೈನಿಂಗ್ ಸೌಲಭ್ಯಕ್ಕೆ ಮಾಡಿದ ವೆಚ್ಚವನ್ನು ಕೊಂಡ ಬೆಲೆ ಎಂದು ಪರಿಗಣಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿಗೇ ತಿಳಿಸಿದೆ. ಹೀಗೆ ಲೆಕ್ಕ ಹಾಕಿದರೆ, ಮಾರುಕಟ್ಟೆ ಬೆಲೆ 95 ಲಕ್ಷದ ಆಸುಪಾಸಿಗೆ ಬರುವವರೆಗೆ ವಿದ್ಯುತ್ ಬಿಲ್ಲಿನ ಹಣವೂ ಹಿಂದಿರುಗುವುದಿಲ್ಲ. ಜಾಲದ ಸಾಮರ್ಥ್ಯ ಮತ್ತು ನಿಮ್ಮ ದರ ಬದಲಾದಂತೆ ಈ ಅಂಕಿಗಳೂ ಬದಲಾಗುತ್ತವೆ, ಆದರೆ ಲೆಕ್ಕದ ದಾರಿ ಇದೇ. ಯಂತ್ರ ಮಾರುವವರು ತೋರಿಸುವ ಲಾಭದ ಪಟ್ಟಿಯಲ್ಲಿ ಯೂನಿಟ್ ದರ ಎಷ್ಟೆಂದು ಹಿಡಿದಿದ್ದಾರೆ, ಭಾರತದ ತೆರಿಗೆ ಸೇರಿದೆಯೇ ಎಂಬುದನ್ನು ಮೊದಲು ನೋಡಿ.

ಇನ್ನು ಪರಿಸರದ ಲೆಕ್ಕ. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ, ಆದ್ದರಿಂದ ಈ ಒಂದು ಯಂತ್ರದ ಪಾಲು ತಿಂಗಳಿಗೆ ಒಂದೂಮುಕ್ಕಾಲು ಟನ್. ನನ್ನ ಮುಖ್ಯ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಇನ್ನೂ ಕಟುವಾದದ್ದು. 2023ರ ಬರಗಾಲದಲ್ಲಿ ಜಲಾಶಯಗಳು ತುಂಬದೆ, ಕೃಷಿ ಪಂಪ್‌ಸೆಟ್‌ಗಳಿಗೆ ಏಳು ಗಂಟೆ ತ್ರೀ ಫೇಸ್ ಕೊಡಲಾಗದೆ ಐದು ಗಂಟೆಗೆ ಇಳಿಸಿದ್ದನ್ನು ರಾಜ್ಯದ ರೈತರು ಮರೆತಿಲ್ಲ. ಅಂಥ ಜಾಲದಲ್ಲಿ ಯಾರಿಗೂ ಬೇಡದ ಯೂನಿಟ್ ಎಂಬುದನ್ನು ಮನೆಯ ಮೀಟರಿನಲ್ಲಿ ಹುಡುಕುವುದು ಕಷ್ಟ.

ಇವೆಲ್ಲದರ ಮೇಲೆ ಕೆಲವು ದಿನನಿತ್ಯದ ತೊಡಕುಗಳಿವೆ. ಬಿಡುವಿಲ್ಲದೆ 15 ಆಂಪಿಯರ್‌ಗೂ ಹೆಚ್ಚು ಎಳೆಯುವ ಯಂತ್ರವನ್ನು ಗೀಸರಿನ ಸಾಕೆಟ್‌ಗೆ ಸಿಕ್ಕಿಸುವುದು ಅಪಾಯಕಾರಿ. ಅದರ ಫ್ಯಾನುಗಳ ಸದ್ದು 75 ಡೆಸಿಬೆಲ್ ಹತ್ತಿರ ಇರುತ್ತದೆ, ಪಕ್ಕದ ಮನೆಯವರು ಸುಮ್ಮನಿರಲಾರರು. ಮನೆಗೆ ಮಂಜೂರಾದ ಲೋಡ್ ಮೀರುತ್ತದೆ, ಗೃಹಬಳಕೆಯ ಸಂಪರ್ಕವನ್ನು ಬೇರೆ ಉದ್ದೇಶಕ್ಕೆ ಬಳಸಿದ ಪ್ರಶ್ನೆಯೂ ಏಳಬಹುದು. ಹಾಸ್ಟೆಲ್ ಕೋಣೆಯಲ್ಲೋ ಕಚೇರಿಯಲ್ಲೋ ಯಂತ್ರ ಇಟ್ಟರೆ ಕರೆಂಟು ಪುಕ್ಕಟೆ ಎಂದುಕೊಳ್ಳುವ ಯುವಕರಿಗೆ ನಾನು ಹೇಳುವುದಿಷ್ಟೇ: ಬಿಲ್ಲನ್ನು ಬೇರೆಯವರು ಕಟ್ಟುತ್ತಾರೆ ಎಂಬ ಕಾರಣಕ್ಕೆ ಕಲ್ಲಿದ್ದಲು ಕಡಿಮೆ ಉರಿಯುವುದಿಲ್ಲ.

ತಾರಸಿಯ ಸೋಲಾರ್ ಇದ್ದರೆ?

ಇದು ಪ್ರಾಮಾಣಿಕವಾದ ಪ್ರಶ್ನೆ, ಮೇಲ್ನೋಟಕ್ಕೆ ಉತ್ತರವೂ ಸುಲಭ ಅನ್ನಿಸುತ್ತದೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ಮೂರು ಕಿಲೋವ್ಯಾಟ್‌ನ ಸಾಮಾನ್ಯ ಮನೆಯ ವ್ಯವಸ್ಥೆ ಕೊಡುವ 12 ಯೂನಿಟ್‌ಗಳಿಂದ ಎಸ್21 ಯಂತ್ರ ಮೂರೂವರೆ ಗಂಟೆಯೂ ಓಡುವುದಿಲ್ಲ. ಇಡೀ ದಿನ ಓಡಿಸಲು 21 ಕಿಲೋವ್ಯಾಟ್ ಫಲಕಗಳು ಬೇಕು, ರಾತ್ರಿಗೆ ಬ್ಯಾಟರಿಯೂ ಬೇಕು. ಹಗಲು ಮಾತ್ರ ಓಡಿಸುತ್ತೇನೆ ಎಂದರೆ ದುಬಾರಿ ಯಂತ್ರ ದಿನದ ಬಹುಪಾಲು ಸುಮ್ಮನೆ ಕುಳಿತು ಹಳತಾಗುತ್ತದೆ.

ನೆಟ್ ಮೀಟರ್ ಇರುವ ಮನೆಯಿಂದ ವಿದ್ಯುತ್ ಜಾಲಕ್ಕೆ ಹೋದ ಪ್ರತಿ ಯೂನಿಟ್ ಎಲ್ಲೋ ಒಂದು ಶಾಖೋತ್ಪನ್ನ ಸ್ಥಾವರದ ಹೊರೆಯನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ, ಬಿಲ್ಲಿನಲ್ಲೂ ಅದಕ್ಕೆ ಬೆಲೆ ಸಿಗುತ್ತದೆ. ಅದನ್ನೇ ಯಂತ್ರಕ್ಕೆ ತಿರುಗಿಸಿದರೆ ಫಲಕ ನಿಮ್ಮದೇ ಆಗಿದ್ದರೂ ಪರಿಣಾಮ ಕಲ್ಲಿದ್ದಲಿನಿಂದ ಓಡಿಸಿದಂತೆಯೇ. ಜಾಲದ ಸಂಪರ್ಕವೇ ಇಲ್ಲದ ತೋಟದ ಮನೆಯಲ್ಲಿ, ಬ್ಯಾಟರಿ ತುಂಬಿದ ಮೇಲೂ ಮಿಗುವ ವಿದ್ಯುತ್ತು ಇದ್ದರೆ ಮಾತ್ರ ಈ ಆಕ್ಷೇಪ ಅನ್ವಯಿಸುವುದಿಲ್ಲ. ಅಲ್ಲಿಯೂ ಆ ವಿದ್ಯುತ್ತಿನಿಂದ ಬೋರ್‌ವೆಲ್ ನೀರೆತ್ತಿ ತೊಟ್ಟಿ ತುಂಬಿಸಿಕೊಳ್ಳಲು ಸಾಧ್ಯವಿದ್ದರೆ ಮೊದಲು ಅದನ್ನೇ ಮಾಡಿ ಎನ್ನುತ್ತೇನೆ.

ಹೊರದೇಶದಲ್ಲಿ ಯಂತ್ರ ಇಡುವುದು

ಯಂತ್ರ ನಿಮ್ಮದು, ಅದನ್ನು ಬೇರೆಯವರ ಕೇಂದ್ರದಲ್ಲಿಟ್ಟು ಬಾಡಿಗೆ ಕೊಡುವುದು ಹೋಸ್ಟಿಂಗ್. ಯಂತ್ರವನ್ನು ನೋಡದೆಯೇ ಅದರ ಸಾಮರ್ಥ್ಯದ ಒಂದು ಪಾಲನ್ನು ಕೊಳ್ಳುವುದು ಕ್ಲೌಡ್ ಮೈನಿಂಗ್. ಎರಡನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಿಂಗಳಿಗೆ ಶೇ 10ರಂತೆ 18 ತಿಂಗಳು ಆದಾಯದ ಆಸೆ ತೋರಿಸಿದ ಗೇನ್‌ಬಿಟ್‌ಕಾಯಿನ್ ಹಗರಣ ನಮ್ಮ ದೇಶದ್ದೇ. ಯಂತ್ರಗಳು ಎಲ್ಲಿವೆ, ಯಾವ ಸ್ಥಾವರದಿಂದ ವಿದ್ಯುತ್ ಬರುತ್ತದೆ ಎಂದು ಹೇಳದ ಕಡೆ ಪರಿಸರದ ಲೆಕ್ಕ ಮಾಡಲು ಆಧಾರವೇ ಇರುವುದಿಲ್ಲ.

ಹೋಸ್ಟಿಂಗ್‌ನಲ್ಲಿ ಜಾಗವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಟೆಕ್ಸಾಸ್‌ನಲ್ಲಿ ಗಾಳಿ ಜೋರಾಗಿ ಬೇಡಿಕೆ ಕುಗ್ಗಿದ ಹೊತ್ತಿನಲ್ಲಿ ಮಿಗುವ ವಿದ್ಯುತ್ತನ್ನು ಮೈನಿಂಗ್ ಕೇಂದ್ರಗಳು ಕೊಳ್ಳುತ್ತವೆ, ಬಿಸಿಲಿನ ಸಂಜೆ ಬೇಡಿಕೆ ಏರಿದಾಗ ಯಂತ್ರ ನಿಲ್ಲಿಸುತ್ತವೆ. ಇದು ವಿದ್ಯುತ್ ಜಾಲಕ್ಕೆ ನಿಜವಾದ ಸಹಾಯ. ಆದರೆ 2023ರ ಆಗಸ್ಟ್ ತಿಂಗಳೊಂದರಲ್ಲೇ ರಾಯಟ್ ಪ್ಲಾಟ್‌ಫಾರ್ಮ್ಸ್ ಎಂಬ ಮೈನಿಂಗ್ ಕಂಪನಿ ಬಳಕೆ ತಗ್ಗಿಸಿದ್ದಕ್ಕಾಗಿ 3.17 ಕೋಟಿ ಡಾಲರ್ ಮೌಲ್ಯದ ಕ್ರೆಡಿಟ್ ಪಡೆಯಿತು, ಮತ್ತು ಆ ಹೊರೆ ಕೊನೆಗೆ ಉಳಿದ ಗ್ರಾಹಕರ ಮೇಲೆ ಬೀಳುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಡದಲ್ಲಿ, ಮುಚ್ಚಿದ್ದ ಹಳೆಯ ಕಲ್ಲಿದ್ದಲು ಸ್ಥಾವರವನ್ನು ಅನಿಲಕ್ಕೆ ಬದಲಿಸಿ ಗ್ರೀನಿಡ್ಜ್ ಕಂಪನಿ ಮೈನಿಂಗ್ ಆರಂಭಿಸಿದಾಗ ನಡೆದ ವಿರೋಧದ ಬೆನ್ನಲ್ಲೇ, 2022ರ ನವೆಂಬರ್‌ನಲ್ಲಿ ಅಂಥ ಸ್ಥಾವರಗಳ ಹೊಸ ಪರವಾನಗಿಗೆ ಆ ರಾಜ್ಯ ಎರಡು ವರ್ಷ ತಡೆ ಹಾಕಿತು. ಕಜಕಿಸ್ತಾನದಲ್ಲಿ ವಿದ್ಯುತ್ ಕೊರತೆ ಎಷ್ಟಾಯಿತೆಂದರೆ 2022ರ ಜನವರಿಯಲ್ಲಿ ಮೈನಿಂಗ್ ಕೇಂದ್ರಗಳ ಸಂಪರ್ಕವನ್ನೇ ಕಡಿಯಬೇಕಾಯಿತು.

ಹಸಿರು ಎಂದು ಹೆಚ್ಚು ಹೇಳಿಕೊಳ್ಳಲಾಗುವ ಭೂತಾನದ ಉದಾಹರಣೆ ನಮಗೆ ಹತ್ತಿರದ್ದು. ಅಲ್ಲಿ ಸರ್ಕಾರಿ ಸ್ವಾಮ್ಯದ ಡ್ರುಕ್ ಹೋಲ್ಡಿಂಗ್ ಸಂಸ್ಥೆಯೇ ಜಲವಿದ್ಯುತ್ತಿನಿಂದ ಬಿಟ್‌ಕಾಯಿನ್ ಗಳಿಸುತ್ತಿದೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ಭೂತಾನದ ನದಿಗಳು ತುಂಬಿ ಹರಿಯುವಾಗ ಮಿಗುವ ವಿದ್ಯುತ್ತು ಭಾರತಕ್ಕೆ ಬರುತ್ತದೆ. ಚಳಿಗಾಲದಲ್ಲಿ ನದಿ ಸೊರಗಿದಾಗ ಭೂತಾನವೇ ಭಾರತದಿಂದ ಕೊಳ್ಳುತ್ತದೆ. ಒಂದು ಪುಟ್ಟ ದೇಶ ತನ್ನ ನೀರಿನಿಂದ ವಿದೇಶಿ ವಿನಿಮಯ ಗಳಿಸುವುದನ್ನು ನಾನು ಆಕ್ಷೇಪಿಸಲಾರೆ. ಆದರೂ ಭಾರತಕ್ಕೆ ಬರಬಹುದಾಗಿದ್ದ ಯೂನಿಟ್ ಅಲ್ಲಿಯೇ ಖರ್ಚಾದರೆ ಅದರ ಜಾಗವನ್ನು ಇಲ್ಲಿ ಕಲ್ಲಿದ್ದಲು ತುಂಬುತ್ತದೆ ಎಂಬುದನ್ನು ಲೆಕ್ಕದಿಂದ ಬಿಡಲಾಗದು. ಹೋಸ್ಟಿಂಗ್ ಆಯ್ದುಕೊಳ್ಳಲೇಬೇಕು ಎನ್ನುವವರು ಕೇಂದ್ರದವರನ್ನು ಕೇಳಬೇಕಾದದ್ದು ಎರಡು: ಬೇಡಿಕೆ ಏರಿದಾಗ ಯಂತ್ರ ನಿಲ್ಲಿಸುವ ಲಿಖಿತ ಒಪ್ಪಂದ ಇದೆಯೇ, ಮತ್ತು ಆ ವಿದ್ಯುತ್ತನ್ನು ಬೇರೆಡೆಗೆ ಸಾಗಿಸುವ ಮಾರ್ಗ ಇಲ್ಲವೇ. ತೈಲಬಾವಿಗಳಲ್ಲಿ ಸುಮ್ಮನೆ ಉರಿಸಿಬಿಡುವ ಅನಿಲದಿಂದ ಜನರೇಟರ್ ಓಡಿಸುವ ಕೇಂದ್ರಗಳು ಈ ಎರಡನೆಯ ಪ್ರಶ್ನೆಯಲ್ಲಿ ಸ್ವಲ್ಪ ಮಟ್ಟಿಗೆ ಗೆಲ್ಲುತ್ತವೆ.

ಕೆನಡಾದ ಓದುಗರಿಗೆ ಒಂದು ಮಾತು. ಎಸಿಕ್ ಯಂತ್ರ ಎಳೆದ ವಿದ್ಯುತ್ತೆಲ್ಲ ಶಾಖವಾಗುವುದು ನಿಜ, ಕಾಯಿಲ್ ಹೀಟರಿನ ಬದಲು ಅದನ್ನಿಟ್ಟರೆ ಹೆಚ್ಚುವರಿ ಯೂನಿಟ್ ಖರ್ಚಾಗುವುದಿಲ್ಲ. ಆದರೆ ಹೊರಗಿನ ಶಾಖವನ್ನು ಒಳಗೆ ಸಾಗಿಸುವ ಹೀಟ್ ಪಂಪ್ ಒಂದು ಯೂನಿಟ್‌ನಿಂದ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತದೆ. ಮನೆಯಲ್ಲಿ ಹೀಟ್ ಪಂಪ್ ಇದ್ದರೆ, ಅಥವಾ ಹಾಕಿಸಿಕೊಳ್ಳುವ ಶಕ್ತಿ ಇದ್ದರೆ, ಈ ಆಯ್ಕೆಯ ವಾದ ಅಲ್ಲಿಗೆ ಮುಗಿಯುತ್ತದೆ.

ಬಿಟ್‌ಕಾಯಿನ್ ಕೊಂಡಿಡುವುದು

ಕೊಂಡವರು ಯಂತ್ರ ಓಡಿಸುವುದಿಲ್ಲ, ಆದರೆ ಯಂತ್ರಗಳು ಓಡುವುದು ಅವರು ಕೊಡುವ ಬೆಲೆಯ ಬಲದಿಂದ. ಈ ಪಾಲನ್ನು ಅಳೆಯಲು ನಾನು ಬಳಸುವ ಸರಳ ಕ್ರಮ ಹೀಗಿದೆ. ವರ್ಷದ 13,800 ಕೋಟಿ ಯೂನಿಟ್‌ಗಳನ್ನು 2025ರ ಆರಂಭದಲ್ಲಿ ಚಲಾವಣೆಯಲ್ಲಿದ್ದ ಸುಮಾರು 1.98 ಕೋಟಿ ನಾಣ್ಯಗಳಿಗೆ ಹಂಚಿದರೆ ಒಂದಕ್ಕೆ ವರ್ಷಕ್ಕೆ ಸುಮಾರು 7,000 ಯೂನಿಟ್ ಮತ್ತು ಎರಡು ಟನ್ ಇಂಗಾಲ ಬರುತ್ತದೆ. ನಿಮ್ಮ ಬಳಿ 0.01 ಬಿಟ್‌ಕಾಯಿನ್ ಇದ್ದರೆ ವರ್ಷಕ್ಕೆ 70 ಯೂನಿಟ್, 20 ಕಿಲೋ. ಸಣ್ಣ ಫ್ರಿಜ್ ಮೂರು ನಾಲ್ಕು ತಿಂಗಳು ಓಡಿದಷ್ಟು. ಮನೆಯಲ್ಲಿ ಮೈನಿಂಗ್ ಮಾಡಿ ಅಷ್ಟೇ ನಾಣ್ಯ ಗಳಿಸಲು ಮೇಲಿನ ಯಂತ್ರ ಮೂರೂವರೆ ತಿಂಗಳಿಗೂ ಹೆಚ್ಚು ಕಾಲ ಓಡಬೇಕು, 9,000 ಯೂನಿಟ್ ದಾಟುತ್ತದೆ.

ಹಾಗಾಗಿ ಬಿಟ್‌ಕಾಯಿನ್ನೇ ಬೇಕು ಎನ್ನುವ ಸಣ್ಣ ಬಜೆಟ್ಟಿನವರಿಗೆ ಮೈನಿಂಗ್‌ಗಿಂತ ಖರೀದಿಯೇ ಎಲ್ಲ ಅಳತೆಗಳಲ್ಲೂ ಮೇಲು. ಕೊಂಡ ಬೆಲೆಯನ್ನು ಲಾಭದಿಂದ ಕಳೆಯುವ ಅವಕಾಶವೂ ಅವರಿಗಿದೆ. ಕ್ರಿಪ್ಟೋ ಕೊಳ್ಳುವ, ಮಾರುವ ವಿನಿಮಯ ಕೇಂದ್ರಗಳ ಭದ್ರತೆಯ ಅಪಾಯ ಮಾತ್ರ ಉಳಿಯುತ್ತದೆ. 2024ರ ಜುಲೈನಲ್ಲಿ ಭಾರತದ್ದೇ ಆದ ವಜೀರ್‌ಎಕ್ಸ್ ಕೇಂದ್ರದಿಂದ 23 ಕೋಟಿ ಡಾಲರ್‌ನಷ್ಟು ಕಳುವಾದದ್ದು ನೆನಪಿರಲಿ.

ಸ್ಟೇಕಿಂಗ್ ದಾರಿ

ಬಿಟ್‌ಕಾಯಿನ್‌ನಂತೆಯೇ ಇನ್ನೊಂದು ಕ್ರಿಪ್ಟೋ ಜಾಲವಾದ ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಅನ್ನು ಪೂರ್ತಿಯಾಗಿ ಕೈಬಿಟ್ಟಿತು. ಅಲ್ಲಿ ಈಗ ಬ್ಲಾಕ್ ಸೇರಿಸುವ ಹಕ್ಕು ಠೇವಣಿ ಇಟ್ಟವರಿಗೆ ಚೀಟಿ ಎತ್ತಿದಂತೆ ಸಿಗುತ್ತದೆ, ಮೋಸ ಮಾಡಿದರೆ ಠೇವಣಿ ಕಳೆದುಕೊಳ್ಳುತ್ತಾರೆ. ಕ್ರಿಪ್ಟೋ ಕಾರ್ಬನ್ ರೇಟಿಂಗ್ಸ್ ಇನ್‌ಸ್ಟಿಟ್ಯೂಟ್‌ನ ಅಂದಾಜಿನಂತೆ ವಾರ್ಷಿಕ ಬಳಕೆ ಸುಮಾರು 2,290 ಕೋಟಿ ಯೂನಿಟ್‌ನಿಂದ 26 ಲಕ್ಷ ಯೂನಿಟ್‌ಗೆ ಇಳಿಯಿತು. ಇದನ್ನು ಆ ಜಾಲದ ನಾಣ್ಯವಾದ ಈಥರ್‌ಗೆ, ಸುಮಾರು 12 ಕೋಟಿ ನಾಣ್ಯಗಳಿಗೆ, ಹಂಚಿದರೆ ಒಂದಕ್ಕೆ ವರ್ಷಕ್ಕೆ 0.02 ಯೂನಿಟ್, ಅಂದರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡೂವರೆ ಗಂಟೆಯೂ ಉರಿಯದಷ್ಟು. ಒಂದು ಬಿಟ್‌ಕಾಯಿನ್‌ಗೂ ಒಂದು ಈಥರ್‌ಗೂ ಇರುವ ಬೆಲೆಯ ಅಂತರವನ್ನು ಎಷ್ಟೇ ಸರಿದೂಗಿಸಿದರೂ ಈ ಹೋಲಿಕೆಯ ಫಲಿತಾಂಶ ಬದಲಾಗುವುದಿಲ್ಲ. ಹಸಿರು ವಿದ್ಯುತ್ತಿನ ಬಗ್ಗೆ ವರ್ಷಗಟ್ಟಲೆ ನಡೆದ ಚರ್ಚೆ ಸಾಧಿಸದಿದ್ದನ್ನು ಜಾಲದ ನಿಯಮದ ಒಂದು ಬದಲಾವಣೆ ಸಾಧಿಸಿತು. ಈ ಇಡೀ ವಿಷಯದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಇದೇ.

ಕೊರತೆಗಳೂ ಇವೆ. ಸ್ವಂತವಾಗಿ ಸ್ಟೇಕ್ ಮಾಡಲು 32 ಈಥರ್ ಬೇಕು, ಇದು ಮಧ್ಯಮ ವರ್ಗದ ಕೈಗೆಟುಕುವ ಮೊತ್ತವಲ್ಲ. ಕಡಿಮೆ ಹಣದವರು ಗುಂಪಿನ ಮೂಲಕವೋ ವಿನಿಮಯ ಕೇಂದ್ರದ ಮೂಲಕವೋ ಸೇರಬೇಕು, ಆಗ ನಾಣ್ಯ ಇನ್ನೊಬ್ಬರ ಹಿಡಿತಕ್ಕೆ ಹೋಗುತ್ತದೆ. ಹಣ ಹೆಚ್ಚಿದ್ದವರಿಗೆ ಜಾಲದಲ್ಲಿ ಬಲವೂ ಹೆಚ್ಚು ಎಂಬ ಟೀಕೆ ಸುಳ್ಳಲ್ಲ, ಆದರೆ ಸಾವಿರಾರು ಎಸಿಕ್ ಯಂತ್ರಗಳನ್ನು ಕೊಳ್ಳಬಲ್ಲವರ ಕೈಗೆ ಹೋಗಿರುವ ಮೈನಿಂಗ್‌ಗೂ ಅದೇ ಮಾತು ಅನ್ವಯಿಸುತ್ತದೆ. ಯಾರ ಅನುಮತಿಯನ್ನೂ ಬೇಡದ, 2.1 ಕೋಟಿ ನಾಣ್ಯಗಳ ಮಿತಿ ಇರುವ ಬಿಟ್‌ಕಾಯಿನ್‌ನ ಗುಣವೇ ಮುಖ್ಯ ಎನ್ನುವವರಿಗೆ ಈಥರ್ ಬದಲಿ ಆಗಲಾರದು. ಅವರಿಗೆ ಹಿಂದಿನ ಆಯ್ಕೆಯೇ ಉಳಿಯುತ್ತದೆ, ಅದರ 70 ಯೂನಿಟ್‌ನ ಅರಿವಿನೊಂದಿಗೆ.

ಗ್ರಾಫಿಕ್ಸ್ ಕಾರ್ಡ್‌ಗಳಿಂದ ಸಣ್ಣ ನಾಣ್ಯಗಳ ಮೈನಿಂಗ್ ಇನ್ನೊಂದು ದಾರಿ. ಇಥೀರಿಯಂ ಹೊರಟುಹೋದ ಮೇಲೆ ಅದರಲ್ಲಿ ಆದಾಯ ತೀರಾ ತೆಳುವಾಗಿದೆ. ಕಾರ್ಡುಗಳನ್ನು ಆಮೇಲೆ ಗೇಮಿಂಗ್‌ಗೋ ವಿಡಿಯೋ ಕೆಲಸಕ್ಕೋ ಮಾರಬಹುದು ಎಂಬುದಷ್ಟೇ ಅದರ ಪರವಾದ ಮಾತು. ವಿದ್ಯುತ್ತಿನ ಬದಲು ಹಾರ್ಡ್ ಡಿಸ್ಕ್ ಜಾಗವನ್ನು ಬಳಸುವ ಚಿಯಾ ಎಂಬ ನಾಣ್ಯ 2021ರಲ್ಲಿ ಬಂದಾಗ ಆಶಾದಾಯಕವಾಗಿ ಕಂಡಿತ್ತು, ಆದರೆ ಅದರ ತಯಾರಿಯ ಹಂತದಲ್ಲಿ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕುಗಳು ಬೇಗನೆ ಸವೆದು ಹೊರೆಯು ವಿದ್ಯುತ್ತಿನಿಂದ ಇ-ತ್ಯಾಜ್ಯಕ್ಕೆ ಜರುಗಿತು.

ಯಂತ್ರ ಈಗಾಗಲೇ ಕೊಂಡಿದ್ದರೆ

ಎಸಿಕ್ ಯಂತ್ರಕ್ಕೆ ಬೇರೆ ಯಾವ ಕೆಲಸವೂ ಗೊತ್ತಿಲ್ಲ. ಡಿ ವ್ರೀಸ್ ಮತ್ತು ಕ್ರಿಶ್ಚಿಯನ್ ಸ್ಟಾಲ್ 2021ರಲ್ಲಿ ಅಂದಾಜಿಸಿದಂತೆ ಬಿಟ್‌ಕಾಯಿನ್ ಯಂತ್ರಗಳ ಸರಾಸರಿ ಬಾಳಿಕೆ ಒಂದು ವರ್ಷ ಮೂರೂವರೆ ತಿಂಗಳು, ವರ್ಷದ ತ್ಯಾಜ್ಯ ಸುಮಾರು 30,700 ಟನ್. ಆ ಬಾಳಿಕೆ ತೀರಾ ಕಡಿಮೆ ಹಿಡಿದದ್ದು ಎಂಬ ಆಕ್ಷೇಪವೂ ಇದೆ, ಅದರಲ್ಲಿ ಸತ್ಯಾಂಶವಿದೆ, ಏಕೆಂದರೆ ಹಳೆಯ ಯಂತ್ರಗಳು ಅಗ್ಗದ ವಿದ್ಯುತ್ತಿರುವ ದೇಶಗಳಿಗೆ ಹೋಗಿ ಇನ್ನಷ್ಟು ಕಾಲ ಓಡುತ್ತವೆ.

ನಿಮ್ಮ ಮನೆಯಲ್ಲಿ ಆಂಟ್‌ಮೈನರ್ ಎಸ್9ನಂಥ ಹಳೆಯ ಯಂತ್ರವಿದ್ದರೆ, ಅದು ಒಂದು ಟೆರಾಹ್ಯಾಶ್‌ಗೆ ಸುಮಾರು 98 ಜೂಲ್ ಬಳಸುತ್ತದೆ, ಎಸ್21 ಬಳಸುವುದು 17.5. ಅಂದರೆ ಅದೇ ನಾಣ್ಯಕ್ಕೆ ಐದೂವರೆ ಪಟ್ಟು ವಿದ್ಯುತ್ತು. ಕೊಟ್ಟ ಹಣ ವಸೂಲಾಗಲಿ ಎಂದು ಅದನ್ನು ಓಡಿಸುತ್ತಾ ಹೋದರೆ ನಷ್ಟ ತಿಂಗಳು ತಿಂಗಳೂ ಬೆಳೆಯುತ್ತದೆ. ಅದನ್ನು ನಿಲ್ಲಿಸಿ, ಬೇರೆಡೆ ಬಳಸಬಹುದಾದ ಪವರ್ ಸಪ್ಲೈ ಮತ್ತು ಫ್ಯಾನುಗಳನ್ನು ಬಿಚ್ಚಿಟ್ಟುಕೊಳ್ಳಿ. ಉಳಿದದ್ದನ್ನು ಗುಜರಿ ಅಂಗಡಿಗೆ ಹಾಕದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಕೊಟ್ಟು ರಸೀದಿ ಪಡೆಯಿರಿ.